ಕೋವಿಯ ಮೇಲಿನ ತಾರೀಖುಗಳು

ಹಳೆಯ ಜೋಡುನಳಿಗೆ ಕೋವಿಯೊಂದನ್ನು ಮುಂದಿಟ್ಟು ‘ಇದು ಯಾವ ಕಾಲದ್ದು?’ ಎಂದು ಕೇಳಿದರೆ, ಬಲ್ಲವರು ಕೂಡಲೇ ಉತ್ತರ ಕೊಡುವುದಿಲ್ಲ. ‘ಯಾವ ಭಾಗ?’ ಎಂದು ತಿರುಗಿ ಕೇಳುತ್ತಾರೆ. ಈ ಮರುಪ್ರಶ್ನೆ ನನ್ನನ್ನು ಬಹಳ ದಿನಗಳಿಂದ ಕಾಡಿದೆ. ನಾನು ಬೇಟೆಗಾರನಲ್ಲ. ಕೋವಿ ಕೂಡಿಡುವ ಹಣವಾಗಲಿ ಹವ್ಯಾಸವಾಗಲಿ ನನಗಿಲ್ಲ. ಆದರೂ ಹಳೆಯ ಇಂಗ್ಲಿಷ್ ಕೋವಿಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ. ಬದಲಾದದ್ದು ತಾನು ಯಾವಾಗ ಬದಲಾದೆ ಎಂಬುದನ್ನು ಹೇಳಬೇಕೆ, ಯಾರಿಗೆ ಹೇಳಬೇಕು, ಏಕೆ ಹೇಳಬೇಕು ಎಂಬ ಪ್ರಶ್ನೆ ಅಲ್ಲಿ ಕಬ್ಬಿಣ ಮತ್ತು ಉಕ್ಕಿನ ಮೇಲೆ ಅಚ್ಚೊತ್ತಿ ಕೂತಿದೆ. ಅದನ್ನು ಅಲ್ಲಿ ಓದುವುದು ಮನುಷ್ಯರಲ್ಲಿ ಓದುವುದಕ್ಕಿಂತ ಸುಲಭ.

ಮೊದಲು ಕೋವಿ ಹೇಗೆ ಬದಲಾಯಿತು ಎಂಬುದನ್ನು ನೋಡೋಣ. 19ನೇ ಶತಮಾನದ ಮೊದಲರ್ಧದಲ್ಲಿ ಇಂಗ್ಲೆಂಡಿನ ಜೋಡುನಳಿಗೆ ಎಂದರೆ ಬಾಯಿಯಿಂದ ಮದ್ದು, ಚರೆ ತುಂಬುವ, ನಮ್ಮ ಮಲೆನಾಡಿನವರು ‘ಕೇಪಿನ ಕೋವಿ’ ಎನ್ನುವ ಬಗೆಯದು. ನಡುವೆ ಮಡಚಿಕೊಳ್ಳುವ, ಹಿಂದಿನಿಂದ ತೋಟಾ ಹಾಕುವ ಕೋವಿಯನ್ನು 1830ರ ದಶಕದಲ್ಲಿ ಪ್ಯಾರಿಸ್ಸಿನ ಕ್ಯಾಸಿಮಿರ್ ಲೆಫೋಷೋ ರೂಪಿಸಿದ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಇಂಗ್ಲಿಷರು ಅದನ್ನು ಕಣ್ಣಾರೆ ಕಂಡರು. ಆಮೇಲೆ ಮೂವತ್ತು ವರ್ಷ ಪೇಟೆಂಟುಗಳ ಸುರಿಮಳೆ. 1859ರಲ್ಲಿ ಹೆನ್ರಿ ಜೋನ್ಸ್ ಟ್ರಿಗರಿನ ಕೆಳಗೆ ತಿರುಗುವ ಸನ್ನೆಯನ್ನು ಕೊಟ್ಟ. 1863ರಲ್ಲಿ ಪರ್ಡಿ ಕಂಪನಿಯ ಬೋಲ್ಟು ಬಂತು. 1875ರಲ್ಲಿ ಬರ್ಮಿಂಗ್‌ಹ್ಯಾಮಿನ ವೆಸ್ಟ್ಲಿ ರಿಚರ್ಡ್ಸ್ ಕಂಪನಿಯ ಆನ್ಸನ್ ಮತ್ತು ಡೀಲಿ ಹೊರಗಿನ ಕುದುರೆಗಳನ್ನೇ ತೆಗೆದುಹಾಕಿ, ನಳಿಗೆಯನ್ನು ಬಗ್ಗಿಸಿದರೆ ಸಾಕು ಒಳಗಿನ ಕುದುರೆ ತಾನೇ ಸಜ್ಜಾಗುವ ಯಂತ್ರ ಮಾಡಿದರು. ಖಾಲಿ ತೋಟಾ ತಾನೇ ಹೊರಕ್ಕೆ ಚಿಮ್ಮುವ ಎಜೆಕ್ಟರುಗಳು 1880ರ ದಶಕದಲ್ಲಿ ಬಂದವು. ಇಂದಿನ ಜೋಡುನಳಿಗೆಯಲ್ಲಿ ಇರುವುದು ಬಹುಪಾಲು ಆ ಹೊತ್ತಿಗೆ ಸಿದ್ಧವಾಗಿತ್ತು.

ಈ ವರ್ಷಗಳು ಗೊತ್ತಿದ್ದರೆ ಕೋವಿಯ ವಯಸ್ಸು ಹೇಳುವುದು ಸುಲಭ ಎನಿಸುತ್ತದೆ. ಹಾಗಿಲ್ಲ. ಪೇಟೆಂಟಿನ ವರ್ಷ ಹೇಳುವುದು ‘ಇದಕ್ಕಿಂತ ಮುಂಚೆ ಅಲ್ಲ’ ಎಂಬುದನ್ನು ಮಾತ್ರ. ಎಷ್ಟು ತಡವಾಗಿ ಎಂಬುದನ್ನು ಅದು ಹೇಳುವುದಿಲ್ಲ. ಜೋನ್ಸನ ಕೆಳಸನ್ನೆ ಗಟ್ಟಿಮುಟ್ಟಾಗಿತ್ತು, ಅಗ್ಗವೂ ಆಗಿತ್ತು. ಹಾಗಾಗಿ ಹೊಸ ಬೋಲ್ಟುಗಳು ಬಂದ ಮೇಲೂ ದಶಕಗಳ ಕಾಲ ಅದನ್ನು ಹಾಕುತ್ತಲೇ ಇದ್ದರು. ಹೊರಗುದುರೆಯ ಕೋವಿ ಕಂಡ ಕೂಡಲೇ 1875ಕ್ಕಿಂತ ಹಿಂದಿನದು ಎನ್ನುವಂತೆಯೂ ಇಲ್ಲ. 1936ರಲ್ಲಿ ತೀರಿಕೊಂಡ ಐದನೇ ಜಾರ್ಜ್ ದೊರೆ ಕುದುರೆಗಳಿರುವ ಪರ್ಡಿ ಕೋವಿಗಳನ್ನೇ ಕೊನೆಯವರೆಗೆ ಇಷ್ಟಪಟ್ಟವನು. ಚಕ್ರವರ್ತಿಗೆ ಹೊಸದನ್ನು ಕೊಳ್ಳಲು ದುಡ್ಡಿರಲಿಲ್ಲವೆಂದು ಯಾರೂ ಹೇಳಲಾರರು. ರೂಪ ನೋಡಿ ಕಾಲ ಹೇಳುವವನು ಹೀಗೆ ಮೋಸಹೋಗುತ್ತಾನೆ.

ಹಾಗಾಗಿ ಬಲ್ಲವರು ಹಲವು ಸಾಕ್ಷಿಗಳನ್ನು ಒಟ್ಟಿಗೆ ಕೂರಿಸುತ್ತಾರೆ. ಒಂದು, ಕ್ರಮಸಂಖ್ಯೆ. ಅದು ತಯಾರಕನ ಲೆಕ್ಕದ ಪುಸ್ತಕಕ್ಕೆ ಕರೆದೊಯ್ಯುತ್ತದೆ. ಎರಡು, ನಳಿಗೆಗಳ ನಡುವಿನ ಪಟ್ಟಿಯ ಮೇಲೆ ಕೆತ್ತಿದ ವಿಳಾಸ. ಪರ್ಡಿಯವರ ಅಂಗಡಿ 1882ರವರೆಗೆ ಆಕ್ಸ್‌ಫರ್ಡ್ ಬೀದಿಯ 314½ನೇ ನಂಬರಿನಲ್ಲಿತ್ತು, ಆಮೇಲೆ ಸೌತ್ ಆಡ್ಲಿ ಬೀದಿಗೆ ಹೋಯಿತು. ಆದ್ದರಿಂದ ಆ ‘ಅರ್ಧ’ ನಂಬರು ಕಂಡರೆ ಆ ನಳಿಗೆಯ ಕಾಲದ ಒಂದು ಅಂಚು ಸಿಗುತ್ತದೆ. ಮೂರು, ಪೇಟೆಂಟಿನ ಬಳಕೆ ಸಂಖ್ಯೆ. ಆಗ ಪೇಟೆಂಟಿನ ಆಯುಷ್ಯ 14 ವರ್ಷ. ಆ ಅವಧಿಯಲ್ಲಿ ಬೇರೆ ತಯಾರಕರು ಆ ಯಂತ್ರವನ್ನು ಬಳಸಿದರೆ ಗೌರವಧನ ಕೊಟ್ಟು ಸಂಖ್ಯೆ ಒತ್ತಿಸಿಕೊಳ್ಳಬೇಕಿತ್ತು. ನಾಲ್ಕನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಪ್ರೂಫ್ ಮುದ್ರೆ.

ಲಂಡನ್ನಿನ ಕೋವಿ ತಯಾರಕರ ಸಂಘಕ್ಕೆ ದೊರೆಯ ಸನ್ನದು ಸಿಕ್ಕಿದ್ದು 1637ರಲ್ಲಿ. ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸ್ ಸಂಸತ್ತಿನ ಕಾಯಿದೆಯಿಂದ ಹುಟ್ಟಿದ್ದು 1813ರಲ್ಲಿ. ಅಲ್ಲಿ ಮಾಡುವ ಕೆಲಸ ಸರಳ: ಮಾಮೂಲಿಗಿಂತ ಹೆಚ್ಚು ಮದ್ದು ತುಂಬಿ ಹಾರಿಸುವುದು. ನಳಿಗೆ ಸಿಡಿಯದೆ, ಉಬ್ಬದೆ ಉಳಿದರೆ ಮುದ್ರೆ ಒತ್ತುವುದು. ಮುದ್ರೆಯ ರೂಪ ಆಗಾಗ ಬದಲಾಗಿದೆ, ಅದೇ ನಮಗೆ ಲಾಭ. ನಳಿಗೆಯ ಬಾಯನ್ನು ಕಿರಿದುಮಾಡಿ ಚರೆ ಚದುರದಂತೆ ತಡೆಯುವ ‘ಚೋಕ್’ ಬಂದಾಗ, 1875ರಿಂದ 1887ರವರೆಗೆ, ಅಂಥ ನಳಿಗೆಗೆ ‘ನಾಟ್ ಫಾರ್ ಬಾಲ್’, ಅಂದರೆ ಒಂಟಿಗುಂಡಿಗೆ ಇದಲ್ಲ, ಎಂದು ಒತ್ತುತ್ತಿದ್ದರು. 1896ರ ಸುಮಾರಿಗೆ ಹೊಗೆಯಿಲ್ಲದ ಹೊಸ ಮದ್ದಿಗೆ ಪ್ರತ್ಯೇಕ ಮುದ್ರೆ ಬಂತು. 1904ರಲ್ಲಿ ಬರ್ಮಿಂಗ್‌ಹ್ಯಾಮಿನ ಮುದ್ರೆಗಳೇ ಹೊಸದಾದವು. 1954ರಿಂದ ಒತ್ತಡವನ್ನು ಟನ್ನಿನ ಲೆಕ್ಕದಲ್ಲಿ, 1989ರಿಂದ ಬಾರ್ ಲೆಕ್ಕದಲ್ಲಿ ಬರೆಯತೊಡಗಿದರು.

ಈಗ ಒಂದು ಕೋವಿಯನ್ನು ಕಲ್ಪಿಸಿಕೊಳ್ಳಿ. ಬೀಗದ ಭಾಗ 1860ರ ದಶಕದ್ದು, ಕುದುರೆಗಳು ಹೊರಗಿವೆ. ಮೂಲದಲ್ಲಿ ಬಡಿದ ಕುದುರೆ ಹಾಗೆಯೇ ಒರಗಿಕೊಂಡಿರುತ್ತಿತ್ತು. ಕೋವಿ ಬಿಚ್ಚುವ ಮುಂಚೆ ಪ್ರತಿ ಸಲ ಕೈಯಿಂದ ಹಿಂದಕ್ಕೆಳೆಯಬೇಕಿತ್ತು. ಈಗ ಅದು ಬಡಿದು ತಾನೇ ಅರ್ಧ ಹಿಂದಕ್ಕೆ ಸರಿಯುತ್ತದೆ. ಆ ಬಗೆಯ ಬೀಗ 1860ರ ದಶಕದ ಕೊನೆಗೆ ಬಂದದ್ದು. ಯಾರೋ ಒಬ್ಬ ಕಸುಬುದಾರ ಆಮೇಲೆ ತಿದ್ದಿದ್ದಾನೆ. ನಳಿಗೆಗಳ ಬುಡದಲ್ಲಿ ‘ನಾಟ್ ಫಾರ್ ಬಾಲ್’ ಇದೆ, ಅಂದರೆ ಅವು 1875ರಿಂದ 1887ರ ನಡುವೆ ಹೊಸದಾಗಿ ಹಾಕಿದವು. ಪಕ್ಕದಲ್ಲೇ 1904ರ ನಂತರದ ಹೊಸ ಮದ್ದಿನ ಮುದ್ರೆ. ತೋಟಾ ಕೂರುವ ಕೋಣೆ ಎರಡೂವರೆ ಇಂಚಿನದ್ದು ಎರಡೂಮುಕ್ಕಾಲು ಇಂಚಿಗೆ ಹಿಗ್ಗಿದೆ. ಅದರ ಜೊತೆ ಟನ್ ಲೆಕ್ಕದ ಮುದ್ರೆ, ಅಂದರೆ 1954ರ ನಂತರ ಮರುಪರೀಕ್ಷೆ ಆಗಿದೆ. ಕೋವಿ ಒಂದೇ. ವಯಸ್ಸು ಕಡಿಮೆಯೆಂದರೂ ನಾಲ್ಕು.

ಈ ಕೋವಿಯನ್ನು ‘ಅಸಲಿ ಅಲ್ಲ’ ಎಂದು ತಳ್ಳಿಹಾಕುವ ಸಂಗ್ರಾಹಕರಿದ್ದಾರೆ. ನನಗೆ ಆ ಮಾತು ಸರಿಯೆನಿಸುವುದಿಲ್ಲ. ಒಂದೊಂದು ಬದಲಾವಣೆಯ ಹಿಂದೆಯೂ ಒಬ್ಬರಿಗೆ ಅದು ಬೇಕಾಗಿತ್ತು. ಕುದುರೆ ತಾನೇ ಹಿಂದೆ ಸರಿದರೆ ಬೆರಳು ಉಳಿಯುತ್ತದೆ. ಹೊಸ ಮದ್ದು ಬಂದಾಗ ಹಳೆಯ ಕೋವಿಯನ್ನು ಎಸೆಯುವ ಬದಲು ಮತ್ತೆ ಪರೀಕ್ಷಿಸಿ ಬಳಸುವುದು ಬಾಳಿಕೆಯ ಲೆಕ್ಕ. ಯಾರೂ ಮುಟ್ಟದೆ ಪೆಟ್ಟಿಗೆಯಲ್ಲಿಟ್ಟ ಕೋವಿ ಹುಟ್ಟಿದಂತೆಯೇ ಉಳಿದಿರುತ್ತದೆ, ನಿಜ. ಅದು ಕೆಲಸವನ್ನೂ ಮಾಡಿಲ್ಲ. ಬದಲಾವಣೆಯನ್ನೇ ಕಳಂಕವೆಂದು ನೋಡುವ ಕಣ್ಣು ಮಾರುಕಟ್ಟೆಯದು. ಅದನ್ನು ನೀತಿಯ ಕಣ್ಣು ಎಂದು ತಪ್ಪು ತಿಳಿಯಬಾರದು.

ಹಾಗಾದರೆ ಕೇಡು ಎಲ್ಲಿಂದ ಶುರುವಾಗುತ್ತದೆ? ಇಲ್ಲಿ ಒಂದು ಅಳತೆ ನನಗೆ ದಾರಿ ತೋರಿಸಿತು. 12 ಬೋರಿನ ನಳಿಗೆಯ ಒಳವ್ಯಾಸ 0.729 ಇಂಚು. ಪರೀಕ್ಷೆಯ ದಿನ ಎಷ್ಟಿತ್ತು ಎಂಬುದನ್ನು ಪ್ರೂಫ್ ಹೌಸಿನವರು ನಳಿಗೆಯ ಬುಡದಲ್ಲಿ ಸಂಕೇತವಾಗಿ ಒತ್ತಿರುತ್ತಾರೆ. ಕಾಲಕ್ರಮದಲ್ಲಿ ಒಳಗೆ ತುಕ್ಕು ಕೂತು ಗುಳಿ ಬೀಳುತ್ತದೆ. ಉಜ್ಜಿ ಉಜ್ಜಿ ಅದನ್ನು ಕನ್ನಡಿಯ ಹಾಗೆ ಹೊಳೆಯಿಸಬಹುದು. ಉಜ್ಜಿದಷ್ಟು ಲೋಹ ಹೋಗುತ್ತದೆ, ಗೋಡೆ ತೆಳ್ಳಗಾಗುತ್ತದೆ. ಮುದ್ರೆ 0.729 ಎನ್ನುತ್ತಿದ್ದು ಅಳತೆಗೋಲು 0.740 ಎಂದರೆ, ನಡುವೆ ಯಾರೋ ಒಳಗೆ ಕೈಯಾಡಿಸಿದ್ದಾರೆ. ಬ್ರಿಟಿಷ್ ನಿಯಮದ ಪ್ರಕಾರ ಅಷ್ಟು ಹಿಗ್ಗಿದ ನಳಿಗೆಯ ಹಳೆಯ ಪರೀಕ್ಷೆ ಅಲ್ಲಿಗೆ ಮುಗಿಯಿತು. ಮತ್ತೆ ಪರೀಕ್ಷೆಯಾಗದೆ ಅದನ್ನು ಮಾರುವಂತಿಲ್ಲ. ಗುಳಿ ಬಿದ್ದ ನಳಿಗೆ ಕಣ್ಣಿಗೆ ಹೊಲಸು, ಆದರೆ ತನ್ನ ಸ್ಥಿತಿಯನ್ನು ತಾನೇ ಹೇಳುತ್ತದೆ. ಥಳಥಳಿಸುವ ನಳಿಗೆ ಕೊಳ್ಳುವವನನ್ನು ಒಲಿಸುತ್ತದೆ. ಆಮೇಲೊಂದು ದಿನ ಸಿಡಿದರೆ, ನಳಿಗೆಯ ಕೆಳಗೆ ಹಿಡಿದಿರುವ ಎಡಗೈ ಹೋಗುತ್ತದೆ.

ಕೋವಿಯ ಮೇಲಿನ ಬರಹಗಳಲ್ಲಿ ಒಂದೊಂದೂ ಒಬ್ಬೊಬ್ಬರನ್ನು ಉದ್ದೇಶಿಸಿದೆ ಎಂದು ನಾನು ತಿಳಿಯುತ್ತೇನೆ. ತಯಾರಕನ ಹೆಸರು ಕೊಳ್ಳುವವನಿಗೆ. ಕ್ರಮಸಂಖ್ಯೆ ಲೆಕ್ಕದ ಪುಸ್ತಕಕ್ಕೆ. ಬೆಳ್ಳಿಯ ಫಲಕದಲ್ಲಿ ಕೆತ್ತಿದ ಮೊದಲಕ್ಷರಗಳು ಮನೆತನಕ್ಕೆ. ಪ್ರೂಫ್ ಮುದ್ರೆ ಮಾತ್ರ ಅಪರಿಚಿತನಿಗೆ. ಇನ್ನೂ ಹುಟ್ಟದೇ ಇರುವ, ಎಂದೋ ಎಲ್ಲೋ ಈ ಕೋವಿಯನ್ನು ಭುಜಕ್ಕೆ ಒತ್ತಿ ಕೆನ್ನೆ ತಾಗಿಸುವ ಮನುಷ್ಯನಿಗೆ. ‘ಇಂಥ ಮದ್ದಿಗೆ, ಇಷ್ಟು ಒತ್ತಡಕ್ಕೆ, ಇಂಥ ಅಳತೆಯಲ್ಲಿದ್ದಾಗ ನಾನು ತಡೆದಿದ್ದೇನೆ’ ಎಂಬ ಮಾತು ಅದು. ಆಮೇಲೆ ಅಳತೆ ಬದಲಾಯಿಸಿ ಅದನ್ನು ಹೇಳದೆ ಹೋದವನು ಲೋಹಕ್ಕೆ ಅನ್ಯಾಯ ಮಾಡಿಲ್ಲ. ಆ ಅಪರಿಚಿತನಿಗೆ ಕೊಟ್ಟ ಮಾತನ್ನು ಅವನಿಗೆ ಗೊತ್ತಾಗದಂತೆ ಮುರಿದಿದ್ದಾನೆ.

ಅಮೆರಿಕದಲ್ಲಿ ಇಂಥ ಸರ್ಕಾರಿ ಪ್ರೂಫ್ ಪದ್ಧತಿಯೇ ಬೆಳೆಯಲಿಲ್ಲ; ಕಾರ್ಖಾನೆಗಳು ತಾವೇ ಪರೀಕ್ಷಿಸಿಕೊಂಡವು. ಅಲ್ಲಿನ ಕೋವಿಗಳ ಕಾಲ ಹೇಳಲು ಯಂತ್ರದ ಬದಲಾವಣೆ ಮತ್ತು ಕಾರ್ಖಾನೆಯ ಪುಸ್ತಕಗಳೇ ಆಧಾರ. ಕನೆಕ್ಟಿಕಟ್ ರಾಜ್ಯದ ಮೆರಿಡೆನ್ ಊರಿನ ಪಾರ್ಕರ್ ಬ್ರದರ್ಸ್ ಕಂಪನಿಯ ಕೋವಿಯಲ್ಲಿ ಮೊದಲು ಕೆಳಗಿನ ಗುಂಡಿಯನ್ನು ಮೇಲಕ್ಕೊತ್ತಿ ಬಿಚ್ಚುತ್ತಿದ್ದರು. 1880ರ ದಶಕದ ಮೊದಲಿಗೆ ಮೇಲುಸನ್ನೆ ಬಂತು, ಅದೇ ದಶಕದ ಕೊನೆಗೆ ಒಳಗುದುರೆ, 1902ರಲ್ಲಿ ಎಜೆಕ್ಟರ್. 1934ರಲ್ಲಿ ರೆಮಿಂಗ್ಟನ್ ಕಂಪನಿ ಅದನ್ನು ಕೊಂಡಿತು. ಈ ಕೋವಿಗಳಿಗೆ ದರ್ಜೆಗಳಿದ್ದವು; ಕೆತ್ತನೆ ಹೆಚ್ಚಿದಷ್ಟು ಬೆಲೆ ಹೆಚ್ಚು. ಕೆಳದರ್ಜೆಯ ಕೋವಿಗೆ ಇಂದು ಸೊಗಸಾಗಿ ಕೆತ್ತಿಸಿ, ಒಳ್ಳೆಯ ಅಕ್ರೂಟ್ ಮರದ ಹಿಡಿ ಹಾಕಿಸಿದರೆ ಅದು ಮೇಲ್ದರ್ಜೆಯದರಂತೆ ಕಾಣುತ್ತದೆ. ಕೆತ್ತನೆಗಾರ ತನ್ನ ಹೆಸರನ್ನೂ ವರ್ಷವನ್ನೂ ಒಳಗೆಲ್ಲೋ ಕೊರೆದಿಟ್ಟರೆ ಅದು ಒಬ್ಬ ಕಲಾವಿದನ ಕೆಲಸ. ಕೊರೆಯದೆ ಬಿಟ್ಟು, 1905ರಲ್ಲೇ ಹೀಗೆ ಹುಟ್ಟಿತ್ತು ಎಂದು ಮಾರಿದರೆ ಅದೇ ಕೆತ್ತನೆ, ಅದೇ ಉಳಿ, ಅದೇ ಕೈ, ಆದರೆ ಮೋಸ. ಎರಡರ ನಡುವಿನ ವ್ಯತ್ಯಾಸ ಒಂದು ತಾರೀಖಿನಷ್ಟೇ.

ಇಷ್ಟು ಹೊತ್ತು ನಾನು ಹೇಳಬೇಕೆಂದದ್ದು ಇಲ್ಲಿದೆ. ಬದಲಾಗುವುದು ಪಾಪವಲ್ಲ. ಬದಲಾವಣೆಯ ತಾರೀಖನ್ನು ಹಿಂದಕ್ಕೆ ತಳ್ಳಿ ‘ಮೊದಲಿನಿಂದಲೂ ಹೀಗೇ’ ಎನ್ನುವುದು ಬೇರೆಯೇ ಸಂಗತಿ. ಮತ್ತು ಇದನ್ನು ನಾವು ಕೋವಿಗಳಿಗಿಂತ ಹೆಚ್ಚಾಗಿ ನಮ್ಮ ಮೇಲೇ ಮಾಡಿಕೊಳ್ಳುತ್ತೇವೆ. ಮಗಳನ್ನು ಓದಿಸಲು ವಿರೋಧಿಸಿದ ಮನೆ, ಅವಳಿಗೆ ಕೆಲಸ ಸಿಕ್ಕ ಮೇಲೆ ‘ನಮ್ಮಲ್ಲಿ ಹೆಣ್ಣುಮಕ್ಕಳ ಓದಿಗೆ ಯಾವತ್ತೂ ಪ್ರೋತ್ಸಾಹ’ ಎನ್ನುತ್ತದೆ. ಮನೆ ಬದಲಾದದ್ದು ಒಳ್ಳೆಯದೇ. ಆದರೆ ಆ ಒಂದು ವಾಕ್ಯದಲ್ಲಿ ಮಗಳು ನಡೆಸಿದ ಜಗಳ, ಅಮ್ಮ ಗುಟ್ಟಾಗಿ ಕಟ್ಟಿದ ಫೀಸು ಎಲ್ಲವೂ ಉಜ್ಜಿಹೋಗುತ್ತದೆ. ಬದಲಾವಣೆಗೆ ತಾರೀಖು ಇದ್ದರೆ ಅದನ್ನು ತಂದವರಿಗೆ ಒಂದು ಜಾಗ ಇರುತ್ತದೆ. ‘ಮೊದಲಿನಿಂದಲೂ’ ಎಂಬ ಮಾತಿನಲ್ಲಿ ಯಾರಿಗೂ ಜಾಗವಿಲ್ಲ. ಅದೇ ದಾರಿಯಲ್ಲಿ ನಾಳೆ ನಡೆಯಬೇಕಾದ ಪಕ್ಕದ ಮನೆಯ ಹುಡುಗಿಗೆ ಎಲ್ಲಿ ಪೆಟ್ಟು ಬೀಳಬಹುದು ಎಂಬ ಸುಳಿವೂ ಸಿಗುವುದಿಲ್ಲ.

ಸಮುದಾಯದ ಆಚರಣೆಗಳಿಗೂ ಇದು ಹೊಂದುತ್ತದೆಯೆ? ಕೋವಿಯ ದಾರಿ ಹಿಡಿದೇ ಒಂದು ಉದಾಹರಣೆಗೆ ಬರುತ್ತೇನೆ. ಕೊಡಗಿನಲ್ಲಿ ಕೋವಿ ಮನೆಯ ವಸ್ತು. ಬ್ರಿಟಿಷರು 1861ರಲ್ಲಿ ಕೊಡವರಿಗೆ ಆಯುಧ ಕಾನೂನಿನಿಂದ ವಿನಾಯಿತಿ ಕೊಟ್ಟರು; ಆ ವಿನಾಯಿತಿಯನ್ನು ಭಾರತ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ, 2029ರವರೆಗೆ, ವಿಸ್ತರಿಸಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಗಳನ್ನು ಪೂಜೆಗೆ ಇಡುವಾಗ ಕೋವಿಯ ನಳಿಗೆಗೆ ಒಂದು ಹೂ ಸಿಕ್ಕಿಸುತ್ತಾರೆ. ಕನ್ನಡದಲ್ಲಿ ಅದು ಅಗ್ನಿಶಿಖೆ, ಗೌರಿ ಹೂ. ಕೊಡವ ಭಾಷೆಯಲ್ಲಿ ಅದರ ಹೆಸರು ‘ತೋಕ್ ಪೂ’, ಕೋವಿ ಹೂ. ಹೂವು ಆ ಬೆಟ್ಟಗಳಲ್ಲಿ ಯಾವ ಮದ್ದಿಗಿಂತಲೂ ಹಳೆಯದು. ಹೆಸರು ಮಾತ್ರ ಕೋವಿ ಬಂದ ಮೇಲಿನದೇ ಇರಬೇಕು. ಪೇಟೆಂಟಿನ ತರ್ಕ ಇಲ್ಲೂ ನಡೆಯುತ್ತದೆ: ‘ಇದಕ್ಕಿಂತ ಮುಂಚೆ ಅಲ್ಲ.’ ಇದರಿಂದ ಹಬ್ಬ ಸಣ್ಣದಾಯಿತೆ? ನನಗಂತೂ ದೊಡ್ಡದಾಗಿ ಕಾಣುತ್ತದೆ. ಹೊರಗಿನಿಂದ ಬಂದ ಕಬ್ಬಿಣದ ವಸ್ತುವಿಗೆ ಮನೆಯೊಳಗೆ ಜಾಗ ಕೊಟ್ಟು, ಹಳೆಯ ಹೂವಿಗೆ ಹೊಸ ಹೆಸರಿಟ್ಟು, ಎರಡನ್ನೂ ಜೋಡಿಸಿದ ಜನರ ಕಸುಬು ಅದರಲ್ಲಿದೆ. ಅನಾದಿ ಎಂದುಬಿಟ್ಟರೆ ಆ ಕಸುಬು ಕಣ್ಮರೆಯಾಗುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಹಗುರವಾದದ್ದಲ್ಲ. ಕೋವಿಗೆ ನಾಚಿಕೆ ಇಲ್ಲ, ಮನುಷ್ಯನಿಗಿದೆ. ಜೈಲಿನಿಂದ ಹೊರಬಂದವನು, ಜಾತಿ ಹೇಳುವ ಹೆಸರನ್ನು ಬಿಟ್ಟು ಬೇರೆ ಊರಿಗೆ ಹೋದವನು, ಕುಡಿತ ಬಿಟ್ಟವಳು, ಇವರೆಲ್ಲ ಹಣೆಯ ಮೇಲೆ ಮುದ್ರೆ ಹೊತ್ತು ತಿರುಗಬೇಕೆ? ಮನುಷ್ಯರ ಮೇಲೆ ಮುದ್ರೆ ಒತ್ತಿದ ಚರಿತ್ರೆ ನಮಗೆ ಗೊತ್ತಿದೆ, ಅದು ಸತ್ಯಕ್ಕಾಗಿ ನಡೆದದ್ದಲ್ಲ. ಹೊಸಬನಾಗಿ ಬದುಕುವ ಹಕ್ಕಿಗೆ ಮರೆವೂ ಬೇಕು.

ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಒಪ್ಪಿದ ಮೇಲೂ ಉಳಿಯುವುದು ಏನೆಂದು ನೋಡಿದಾಗ ಮತ್ತೆ ಪ್ರೂಫ್ ಹೌಸೇ ಸಹಾಯಕ್ಕೆ ಬರುತ್ತದೆ. ಅಲ್ಲಿ ಎಲ್ಲ ಬದಲಾವಣೆಗೂ ಮುದ್ರೆಯಿಲ್ಲ. ಹಿಡಿಯನ್ನು ಅರ್ಧ ಇಂಚು ಉದ್ದ ಮಾಡಿದ್ದಕ್ಕೆ, ಕೆತ್ತನೆ ತಿದ್ದಿಸಿದ್ದಕ್ಕೆ, ಟ್ರಿಗರಿನ ಬಿಗಿ ಸಡಿಲಿಸಿದ್ದಕ್ಕೆ ಯಾರೂ ಮುದ್ರೆ ಕೇಳುವುದಿಲ್ಲ. ಮದ್ದಿನ ಒತ್ತಡವನ್ನು ತಡೆಯುವ ಭಾಗವನ್ನು ಮುಟ್ಟಿದರೆ ಮಾತ್ರ ಕೇಳುತ್ತಾರೆ. ಅಂದರೆ ಮುದ್ರೆ ಬೇಕಾಗುವುದು ಇನ್ನೊಬ್ಬನ ಕೈ ಇರುವ ಕಡೆ. ಮನುಷ್ಯರ ವಿಷಯದಲ್ಲೂ ಗೆರೆ ಅಲ್ಲಿಯೇ ಇರಬೇಕೆಂದು ನನಗೆ ತೋರುತ್ತದೆ. ನಿನ್ನ ಹಿಂದಿನದು ನಿನ್ನದು. ಅದರ ಬಗ್ಗೆ ಸುಮ್ಮನಿರಲು ನಿನಗೆ ಹಕ್ಕಿದೆ. ಆದರೆ ಇನ್ನೊಬ್ಬರು ತಮ್ಮ ಭಾರವನ್ನು ನಿನ್ನ ಮೇಲೆ ಹಾಕಲಿರುವಾಗ, ಮದುವೆಯಲ್ಲಿ, ಸಾಲದಲ್ಲಿ, ಮಗುವನ್ನು ನಿನ್ನ ಕೈಗೊಪ್ಪಿಸುವಾಗ, ಮತ ಕೊಡುವಾಗ, ಆ ಭಾರಕ್ಕೆ ಸಂಬಂಧಪಟ್ಟಷ್ಟನ್ನು ಹೇಳಬೇಕು. ಮತ್ತು ಸುಮ್ಮನಿರುವುದಕ್ಕೂ ಸುಳ್ಳು ತಾರೀಖು ಒತ್ತುವುದಕ್ಕೂ ಇರುವ ಅಂತರವನ್ನು ಮರೆಯಬಾರದು. ಮೊದಲನೆಯದು ಕೆಲವು ಸಲ ಸಂಕೋಚ, ಕೆಲವು ಸಲ ಘನತೆ. ಎರಡನೆಯದು ಯಾವಾಗಲೂ ಮೋಸ.

ಅಧಿಕಾರ ಹೆಚ್ಚಿದಷ್ಟು ಈ ಹೊಣೆಯೂ ಹೆಚ್ಚುತ್ತದೆ. ನಿಲುವು ಬದಲಿಸಿದ ಸಾಮಾನ್ಯ ಮನುಷ್ಯ ಅದನ್ನು ಸಾರಬೇಕಿಲ್ಲ. ಆದರೆ ಲಕ್ಷಾಂತರ ಜನರ ಬಾಳನ್ನು ಮುಟ್ಟುವ ನಿಲುವನ್ನು ಬದಲಿಸಿದ ನಾಯಕ, ಪತ್ರಿಕೆ, ಮಠ ‘ನಾವು ಅಂದೂ ಇದನ್ನೇ ಹೇಳಿದ್ದೆವು’ ಎನ್ನುವಾಗ ನಳಿಗೆಯ ಒಳಗನ್ನು ಉಜ್ಜುವ ಸದ್ದು ಕೇಳಿಸುತ್ತದೆ. ಅಂಥ ಹೊತ್ತಲ್ಲಿ ಹಳೆಯ ಸಂಚಿಕೆ, ಹಳೆಯ ಭಾಷಣ ಹುಡುಕಿ ತೆಗೆಯುವವರನ್ನು ನಾವು ಕಿಡಿಗೇಡಿಗಳೆಂದು ಬಯ್ಯುತ್ತೇವೆ. ಅವರ ಕೈಯಲ್ಲಿರುವುದು ಬರೀ ಅಳತೆಗೋಲು.

ಕೊನೆಗೊಂದು ಪದ. ನಳಿಗೆ ತೀರ ಸವೆದುಹೋದಾಗ ಅದರ ಬುಡವನ್ನು ಮಾತ್ರ ಉಳಿಸಿ, ಮುಂದಿನ ಭಾಗವನ್ನು ಕತ್ತರಿಸಿ, ಹೊಸ ಉಕ್ಕಿನ ಕೊಳವೆಗಳನ್ನು ಕೂರಿಸುವ ವಿಧಾನವೊಂದು 20ನೇ ಶತಮಾನದ ಉತ್ತರಾರ್ಧದಲ್ಲಿ ಬ್ರಿಟನ್ನಿನಲ್ಲಿ ಬಳಕೆಗೆ ಬಂತು. ಕೆಲಸ ಅಚ್ಚುಕಟ್ಟಾಗಿದ್ದರೆ ಬೆಸುಗೆಯ ಗೆರೆಯೂ ಕಾಣುವುದಿಲ್ಲ. ಆದರೂ ಅಂಥ ಕೋವಿ ಮತ್ತೆ ಪರೀಕ್ಷೆಗೆ ಹೋಗಬೇಕು, ಅದರ ಮೇಲೆ ‘ಸ್ಲೀವ್ಡ್’ ಎಂದು ಒತ್ತಲೇಬೇಕು. ಆ ಒಂದು ಪದ ಬಿದ್ದ ಕೂಡಲೇ ಸಂಗ್ರಾಹಕರ ಲೆಕ್ಕದಲ್ಲಿ ಬೆಲೆ ಇಳಿಯುತ್ತದೆ. ಇಳಿದ ಬೆಲೆಗೆ ಅದನ್ನು ಕೊಂಡವನು ಮಾತ್ರ ತನ್ನ ಕೈಯಲ್ಲಿರುವುದು ಏನೆಂದು ತಿಳಿದು, ಹೆದರದೆ ಹಾರಿಸಬಲ್ಲ.